ಕಾಯಿಯೂ ಹಣ್ಣೇ ಅಲ್ವಾ?

ಎಳೆ ಬೆಂಡೆಕಾಯಿಯೊಂದನ್ನು ಅಡ್ಡಕ್ಕೆ ಕೊಯ್ದು ನೋಡಿ. ಲೋಳೆ ಕೈಗೆ ಅಂಟುತ್ತದೆ, ಅಂಟಲಿ. ಒಳಗೆ ನಕ್ಷತ್ರದ ಹಾಗೆ ಸಾಮಾನ್ಯವಾಗಿ ಐದು ಗೂಡು, ಗೂಡಿನೊಳಗೆ ಮುತ್ತಿನಂಥ ಬೀಜ. ಈ ಗೂಡುಗಳೆಲ್ಲ ಹೂವಿನಲ್ಲೇ ಇದ್ದವು. ಬೆಂಡೆ ದಾಸವಾಳದ ಬಳಗದ ಗಿಡ. ಅದರ ಹಳದಿ ಹೂವಿನ ನಡುವೆ ಪುಟ್ಟದೊಂದು ಅಂಡಾಶಯ ಇರುತ್ತದೆ. ಪರಾಗ ತಾಗಿ ಕಾಯಿ ಕಚ್ಚಿದರೆ ಎಸಳು ಬಿದ್ದುಹೋಗುತ್ತದೆ, ಅಂಡಾಶಯ ಉದ್ದಕ್ಕೆ ಬೆಳೆಯುತ್ತದೆ.

ಸಸ್ಯವಿಜ್ಞಾನಿಗೆ ಹಣ್ಣು ಅಂದರೆ ಹೀಗೆ ಬೆಳೆದ ಅಂಡಾಶಯ, ಅಷ್ಟೇ. ಸಿಹಿಯೋ ಕಹಿಯೋ ಕೇಳುವುದಿಲ್ಲ. ಆ ಲೆಕ್ಕಕ್ಕೆ ಬೆಂಡೆ, ಬದನೆ, ಸೌತೆ, ಕುಂಬಳ, ಮೆಣಸಿನಕಾಯಿ ಎಲ್ಲವೂ ಹಣ್ಣೇ.

ಇನ್ನು ತರಕಾರಿ. ಆ ಹೆಸರಿನ ಭಾಗ ಯಾವ ಗಿಡದಲ್ಲೂ ಇಲ್ಲ. ಕ್ಯಾರೆಟ್ ಬೇರು, ಆಲೂಗಡ್ಡೆ ನೆಲದೊಳಗಿನ ಕಾಂಡ, ಈರುಳ್ಳಿ ಎಲೆಯ ಬುಡ. ತರಕಾರಿ ಅನ್ನೋದು ಅಡುಗೆಮನೆಯ ಮಾತು. ತೆರಿಗೆಯವರದ್ದೂ ಹೌದು: ಅಮೆರಿಕದಲ್ಲಿ ಆಮದಾದ ತರಕಾರಿಗೆ ಸುಂಕವಿತ್ತು, ಹಣ್ಣಿಗೆ ಇರಲಿಲ್ಲ. ಟೊಮೆಟೊ ಹಣ್ಣು ಅಂತ ವ್ಯಾಪಾರಿಗಳು ವಾದಿಸಿದರು. 1893ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಗಿಡದ ಲೆಕ್ಕದಲ್ಲಿ ಹಣ್ಣಿರಬಹುದು, ಜನರ ಬಳಕೆಯಲ್ಲಿ ತರಕಾರಿ ಅಂದಿತು.

ನನಗೆ ಕೋರ್ಟಿನ ತೀರ್ಪಿಗಿಂತ ನಮ್ಮ 'ಕಾಯಿ' ಜಾಸ್ತಿ ಇಷ್ಟ. ಬದನೆಕಾಯಿ, ನುಗ್ಗೆಕಾಯಿ, ಹೀರೆಕಾಯಿ ಅನ್ನುತ್ತೇವೆ. ಯಾರೂ ಮೂಲಂಗಿಕಾಯಿ ಅನ್ನುವುದಿಲ್ಲ. ಹೂವಿನಿಂದ ಬಂದದ್ದು ಯಾವುದು, ಬೇರಿನಿಂದ ಬಂದದ್ದು ಯಾವುದು ಅಂತ ಭಾಷೆ ಸುಮ್ನೆ ಹೇಳಿಬಿಟ್ಟಿದೆ. ನೆಲದೊಳಗಿಂದ ಕಿತ್ತ ಕಡಲೆಕಾಯಿಯನ್ನೂ ಗಡ್ಡೆ ಅಂದುಕೊಳ್ಳಲಿಲ್ಲ. ಅದು ಸರಿಯೇ. ಶೇಂಗಾದ ಹೂ ಅರಳುವುದು ನೆಲದ ಮೇಲೆ, ಆಮೇಲೆ ಅದರ ಬುಡದಿಂದ ಸೂಜಿಯಂಥದ್ದು ಹೊರಟು ಮಣ್ಣಿಗೆ ಇಳಿದು ಕಾಯಿ ಕಟ್ಟುತ್ತದೆ.

ಕಾಯಿಗೂ ಹಣ್ಣಿಗೂ ಇರುವುದು ಸಮಯದ ಅಂತರ. ಬೀಜ ಬಲಿಯುವ ತನಕ ಹಸಿರು, ಒಗರು, ಹುಳಿ, ಯಾರೂ ಮುಟ್ಟಬಾರದು. ಬೀಜ ತಯಾರಾದ ಮೇಲೆ ಪಿಷ್ಟ ಸಕ್ಕರೆಯಾಗುತ್ತದೆ, ಬಣ್ಣ ತಿರುಗುತ್ತದೆ. ಪ್ರಾಣಿಗಳು ತಿಂದು ಬೀಜ ದೂರ ಒಯ್ಯಲಿ ಅಂತ. ಎಲ್ಲ ಕಾಯಿಯ ಹಣೆಬರಹವೂ ಹೀಗಲ್ಲ, ಅನ್ನಿ. ಬೆಂಡೆಯನ್ನು ಗಿಡದಲ್ಲೇ ಬಿಟ್ಟರೆ ನಾರಾಗಿ, ಒಣಗಿ, ಏಣಿನಗುಂಟ ಸೀಳಿ ಬೀಜ ಉದುರಿಸುತ್ತದೆ.

ನಮ್ಮ ಭಾಷೆ ಎಡವಿದ್ದು ಗೇರಿನಲ್ಲಿ. ನಾವು ಗೇರುಹಣ್ಣು ಅನ್ನುವ ರಸಭರಿತ ಭಾಗ ನಿಜಕ್ಕೂ ಊದಿಕೊಂಡ ತೊಟ್ಟು. ಅದರ ತುದಿಗೆ ಜೋತುಬಿದ್ದಿರುತ್ತದಲ್ಲ, ಬೀಜ ಅಂತ ಕಿತ್ತು ಬುಟ್ಟಿಗೆ ಹಾಕುವ ಆ ಬೂದು ಬಣ್ಣದ್ದು, ಅದೇ ಹಣ್ಣು.