ಗನ್ನಲ್ಲೋ, ಸೂಜಿಯಲ್ಲೋ: ಮಕ್ಕಳ ಕಿವಿ ಚುಚ್ಚಿಸುವ ಮುನ್ನ

"ಗನ್ ಅದೇನ್ರಿ ನಿಮ್ಮಲ್ಲಿ?"

ಕೂಸಿನ ಕಿವಿ ಚುಚ್ಚಿಸಲು ಬಂದವರು ಮೊದಲು ಕೇಳುವುದೇ ಇದನ್ನು. ಇಲ್ಲ ಎಂದರೆ ಮುಖ ಸಣ್ಣದಾಗುತ್ತದೆ. ಕಿವಿ-ಮೂಗು-ಗಂಟಲಿನ ಡಾಕ್ಟರು ಅಂತ ಬೋರ್ಡು ಹಾಕಿಕೊಂಡು ಒಂದು ಗನ್ನೂ ಇಟ್ಟಿಲ್ಲವಲ್ಲ ಎಂಬ ಭಾವ. ಕಲಬುರಗಿಯ ಬ್ಯೂಟಿ ಪಾರ್ಲರ್‌ಗಳಲ್ಲಿ ಅದು ಸಿಗುತ್ತದೆ, ಜಾತ್ರೆಯ ಬಳೆ ಅಂಗಡಿಯಲ್ಲೂ ಸಿಗುತ್ತದೆ. "ಟಕ್ ಅಂತದ, ಮುಗೀತದ" ಎನ್ನುವುದು ಅದರ ಜಾಹೀರಾತು. ಪತ್ತಾರನ, ಅಂದರೆ ಅಕ್ಕಸಾಲಿಗನ, ತಂತಿ ಹಳೆಯ ಕಾಲದ್ದು, ಗನ್ ಹೊಸ ಕಾಲದ್ದು, ಆದ್ದರಿಂದ ಶುದ್ಧವಾದದ್ದು ಎಂಬ ಲೆಕ್ಕ ಜನರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಈ ಲೆಕ್ಕ ತಪ್ಪು.

ಗನ್ ಮಾಡುವುದು ಇಷ್ಟೇ: ಸ್ಪ್ರಿಂಗ್‌ನ ಬಲದಿಂದ ಓಲೆಯನ್ನೇ ಕಿವಿಯೊಳಗೆ ಹೊಡೆಯುವುದು. ಆ ಓಲೆಯ ತುದಿ ನೋಡಲು ಚೂಪಾಗಿರುತ್ತದೆ, ಇಂಜೆಕ್ಷನ್ ಸೂಜಿಯ ಪಕ್ಕ ಇಟ್ಟರೆ ಮೊಂಡು. ಸೂಜಿ ಚರ್ಮವನ್ನು ಕೊಯ್ದು ದಾರಿ ಮಾಡಿಕೊಳ್ಳುತ್ತದೆ. ಮೊಂಡು ತುದಿ ಜಜ್ಜಿ, ಹರಿದು ತೂರುತ್ತದೆ. ಕಾಗದಕ್ಕೆ ಪಿನ್ ಹೊಡೆಯುವ ಸ್ಟೇಪ್ಲರ್ ಏನು ಮಾಡುತ್ತದೋ ಅದೇ ಕೆಲಸ. ಜಜ್ಜಿದ ಹಾಲೆ ಮರುದಿನ ಊದಿಕೊಳ್ಳುತ್ತದೆ. ಮುಂದೆ ಓಲೆಯ ತಲೆ, ಹಿಂದೆ ಬಿಲ್ಲೆ, ಎರಡರ ನಡುವೆ ಊದಲು ಜಾಗವಿಲ್ಲ. ಕಡ್ಡಿ ಗಿಡ್ಡವಾಗಿದ್ದು ಹಾಲೆ ದಪ್ಪವಾಗಿದ್ದರೆ ಓಲೆ ಮಾಂಸದೊಳಗೇ ಹೂತುಹೋಗುತ್ತದೆ. "ಓಲೆ ಎಲ್ಲೋ ಬಿದ್ದದ ಸರ್, ಕಿವಿ ಮಾತ್ರ ಕೀವಾಗ್ಯದ" ಎಂದು ಕರೆತಂದ ಮಗುವಿನ ಹಾಲೆಯನ್ನು ಒತ್ತಿ ನೋಡಿದರೆ ಒಳಗೆ ಗಟ್ಟಿಯಾಗಿ ಬೆರಳಿಗೆ ಸಿಗುವುದು ಅದೇ ಓಲೆ. ಆಮೇಲೆ ಮರಗಟ್ಟಿಸಿ, ಹಿಂದಿನಿಂದ ಸಣ್ಣಗೆ ಕೊಯ್ದು ತೆಗೆಯಬೇಕು.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ನಮ್ಮ ಉಪಕರಣಗಳನ್ನು ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಶಾಖದ ಒತ್ತಡದ ಹಬೆಯಲ್ಲಿಟ್ಟು ಕ್ರಿಮಿಮುಕ್ತ ಮಾಡುತ್ತೇವೆ. ಪ್ಲಾಸ್ಟಿಕ್ ಗನ್ ಆ ಶಾಖ ತಡೆಯುವುದಿಲ್ಲ. ಹಾಗಾಗಿ ಒಂದು ಮಗುವಿಗೂ ಇನ್ನೊಂದು ಮಗುವಿಗೂ ನಡುವೆ ಸ್ಪಿರಿಟ್ ಹತ್ತಿಯಲ್ಲಿ ಒರೆಸುತ್ತಾರೆ, ಅದೂ ಒರೆಸಿದರೆ. ಸ್ಪ್ರಿಂಗಿನ ಸಂದಿಗೆ ಹತ್ತಿ ಹೋಗುವುದಿಲ್ಲ. ಕಣ್ಣಿಗೆ ಕಾಣದಷ್ಟು ರಕ್ತ ಸಾಕು, ಹೆಪಟೈಟಿಸ್ ಬಿ ವೈರಸ್ ಒಣಗಿದ ಮೇಲೂ 7 ದಿನ ಬದುಕಿರಬಲ್ಲದು.

2000ನೇ ಇಸವಿಯಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಒಂದು ಆಭರಣ ಮಳಿಗೆಯಲ್ಲಿ ಕಿವಿಯ ಮೇಲ್ಭಾಗ ಚುಚ್ಚಿಸಿಕೊಂಡ 7 ಜನರಿಗೆ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಖಚಿತವಾಯಿತು. ಬಳಸಿದ್ದು ಇದೇ ಸ್ಪ್ರಿಂಗ್ ಗನ್. ಹುಡುಕುತ್ತ ಹೋದಾಗ ಆ ಕ್ರಿಮಿ ಸಿಕ್ಕಿದ್ದು, ಶುದ್ಧ ಮಾಡಲೆಂದು ಇಟ್ಟಿದ್ದ ಸೋಂಕುನಿವಾರಕದ ಬಾಟಲಿಯೊಳಗೇ. ಕೆಲವರ ಕಿವಿಯ ಆಕಾರವೇ ಕೆಟ್ಟಿತು. ಈ ವರದಿಯನ್ನು ನಮ್ಮಲ್ಲಿ ಕಲಿಯಲು ಬರುವ ಕಿರಿಯ ವೈದ್ಯರಿಗೆ ಹೇಳುತ್ತಿರುತ್ತೇನೆ. ನಮ್ಮ ಡ್ರೆಸಿಂಗ್ ಕೋಣೆಗಳಲ್ಲಿ ಅರ್ಧ ಖಾಲಿಯಾದ ಬಾಟಲಿಗೆ ಮತ್ತೆ ತುಂಬಿಸಿಕೊಳ್ಳುವ ಚಟವೂ ಕಮ್ಮಿಯಿಲ್ಲ.

ಒಂದು ಮಾತು ಸೇರಿಸಬೇಕು. ಕಿವಿಗೆ ತಾಗುವ ಭಾಗವೆಲ್ಲ ಮುಚ್ಚಿದ ಕ್ರಿಮಿಮುಕ್ತ ಡಬ್ಬಿಯಲ್ಲಿ ಬಂದು, ಒಬ್ಬರಿಗೆ ಬಳಸಿ ಎಸೆಯುವ ಹೊಸ ಬಗೆಯ ಸಾಧನಗಳೂ ಇವೆ. ಹಾಲೆಗೆ ಮಾತ್ರ, ಪಳಗಿದ ಕೈಯಲ್ಲಿ, ಅವು ಒಪ್ಪತಕ್ಕವು. ಅಂಗಡಿಯಲ್ಲಿ ನಿಮ್ಮ ಕಣ್ಣೆದುರೇ ಪೊಟ್ಟಣ ಹರಿದರೋ ಇಲ್ಲವೋ ನೋಡಿಕೊಳ್ಳಿ.

ಹಾಗಾದರೆ ಪತ್ತಾರ? "ನಮ್ಮೆಲ್ಲರ ಕಿವಿ ಪತ್ತಾರನೇ ಚುಚ್ಯಾನ, ನಮಗೇನಾಗ್ಯದ ಸರ್?" ಎಂದು ಕೂಸಿನ ಆಯಿ, ಅಂದರೆ ಅಜ್ಜಿ, ಕೇಳಿದಾಗ ನಾನು ವಾದಕ್ಕೆ ಇಳಿಯುವುದಿಲ್ಲ, ಅವಳ ಮಾತಿನಲ್ಲಿ ಅರ್ಧ ಸತ್ಯವಿದೆ. ಹಳೆಯ ಪತ್ತಾರರ ಕ್ರಮ ನೋಡಿ: ಹೊಸ ಬಂಗಾರದ ಸಣ್ಣ ತಂತಿ, ಒಂದು ತುದಿ ಚೂಪು, ಅದನ್ನೇ ಹಾಲೆಯಲ್ಲಿ ತೂರಿಸಿ ಅಲ್ಲೇ ರಿಂಗ್ ಮಾಡಿ ಬಿಡುವುದು. ಚುಚ್ಚಿದ ವಸ್ತು ಆ ಮಗುವಿನ ಕಿವಿಯಲ್ಲೇ ಉಳಿಯುತ್ತದೆ, ಇನ್ನೊಂದು ಮಗುವಿಗೆ ಹೋಗುವುದಿಲ್ಲ. ರಂಧ್ರ ಸಣ್ಣದು. ಸಡಿಲ ರಿಂಗ್ ಆದ್ದರಿಂದ ಊತಕ್ಕೆ ಜಾಗವಿದೆ. ಗನ್ನಿಗಿಂತ ಇದು ಎಷ್ಟೋ ವಾಸಿ. ಕೆಡುವುದು ಕೈಯಲ್ಲಿ. ಅದೇ ಕೈ ಆಗತಾನೇ ದುಡ್ಡು ಎಣಿಸಿರುತ್ತದೆ, ತಂತಿಯನ್ನು ಬೆರಳಲ್ಲಿ ನೀವಿ ಎಣ್ಣೆಯಲ್ಲಿ ಅದ್ದುತ್ತಾರೆ. ದೀಪದ ಉರಿಗೆ ಹಿಡಿದರೆ ಸಾಕು ಎನ್ನುವವರು ಕಾಯಿಸಿದ ಮೇಲೆ ಮತ್ತೆ ಅದೇ ಬೆರಳಲ್ಲಿ ಹಿಡಿಯುತ್ತಾರೆ. ಸರಾಫ ಬಜಾರದಲ್ಲಿ ಗುರುತಿನ ಪತ್ತಾರರಿದ್ದು ಅವರ ಕೈಯಿಂದಲೇ ಆಗಬೇಕೆಂದು ಮನೆಯವರ ಆಸೆಯಿದ್ದರೆ, ಆ ರಿಂಗನ್ನು ಮಾಡಿಸಿಕೊಂಡು ನಮ್ಮಲ್ಲಿಗೆ ತನ್ನಿ ಎನ್ನುತ್ತೇನೆ. ಆಟೋಕ್ಲೇವ್ ಮಾಡಿ ಅದನ್ನೇ ಹಾಕುತ್ತೇವೆ. ಪತ್ತಾರರಿಗೂ ಬೇಜಾರಿಲ್ಲ, ಬಂಗಾರ ಅವರದೇ.

ನಾವು ಚುಚ್ಚುವುದು ಸಲಾಯಿನ್ ಹಚ್ಚುವ ಕ್ಯಾನುಲಾ ಸೂಜಿಯಿಂದ, ಮಕ್ಕಳಿಗೆ 20 ಅಥವಾ 18ನೇ ನಂಬರಿನದು. ನಂಬರ್ ಏರಿದಷ್ಟೂ ಸೂಜಿ ಸಣ್ಣ. ಸೂಜಿ ಹೊರಬಂದರೂ ಅದರ ಪ್ಲಾಸ್ಟಿಕ್ ಕೊಳವೆ ಒಂದು ಕ್ಷಣ ಕಿವಿಯಲ್ಲಿ ಉಳಿಯುತ್ತದೆ, ಅದರೊಳಗೆ ಓಲೆಯ ಕಡ್ಡಿ ಸೇರಿಸಿ ಎಳೆದುಕೊಂಡರೆ ಕೆಲಸ ಮುಗಿಯಿತು. ಹೆಚ್ಚು ಹೊತ್ತು ಹಿಡಿಯುವುದು ಗುರುತು ಹಾಕಲು. ಮಗುವನ್ನು ನೇರ ಕೂರಿಸಿ, ಮುಂದಿನಿಂದ ಎರಡೂ ಕಿವಿ ನೋಡಿ ಚುಕ್ಕಿ ಇಡಬೇಕು. ಯಾರ ಎರಡು ಕಿವಿಯೂ ಒಂದೇ ಸಮ ಇರುವುದಿಲ್ಲ. ಚುಕ್ಕಿ ತೀರ ಕೆಳಗೆ ಬಿದ್ದರೆ ನಾಳೆ ಜುಮಕಿಯ ಭಾರಕ್ಕೆ ಹಾಲೆ ಹರಿಯುತ್ತದೆ. ಹರಿದ ಹಾಲೆ ಹೊಲಿಸಲು ಬರುವ ಹೆಣ್ಣುಮಕ್ಕಳನ್ನು ಕೇಳಿ, ಮದುವೆ ಸೀಜನ್ನಿನಲ್ಲಿ ನಮಗೆ ಇದೇ ಕೆಲಸ.

ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ 16ನೇ ಅಧ್ಯಾಯ ಇಡೀ ಕಿವಿ ಚುಚ್ಚುವುದರ ಬಗ್ಗೆ, ಹರಿದ ಹಾಲೆಯನ್ನು ಕೂಡಿಸುವುದರ ಬಗ್ಗೆ ಇದೆ. ಆರನೆಯ ಅಥವಾ ಏಳನೆಯ ತಿಂಗಳು, ದಾದಿಯ ತೊಡೆಯ ಮೇಲೆ ಆಟ ಆಡಿಸುತ್ತ, ಹಾಲೆಯನ್ನು ಬಿಸಿಲಿಗೆ ಹಿಡಿದು ಬೆಳಕು ತೂರಿ ಕಾಣುವ ತೆಳುವಾದ ಜಾಗದಲ್ಲಿ, ರಕ್ತನಾಳ ತಪ್ಪಿಸಿ. ಅದೇ ಬೆಳಕಿನ ಉಪಾಯವನ್ನು ನಾನು ಸಣ್ಣ ಟಾರ್ಚ್ ಹಿಡಿದು ಮಾಡುತ್ತೇನೆ. ಕಿವಿ ಚುಚ್ಚಿದರೆ ಬುದ್ಧಿ ಚುರುಕಾಗುತ್ತದೆ, ಹರ್ನಿಯಾ ಬರುವುದಿಲ್ಲ ಎನ್ನುವ ಮಾತುಗಳನ್ನು ಮಾತ್ರ ನಂಬಬೇಡಿ. ಇದು ಚಿಕಿತ್ಸೆ ಅಲ್ಲ, ಸಿಂಗಾರ ಮತ್ತು ಸಂಪ್ರದಾಯ. ಅಷ್ಟಕ್ಕೇ ಮಾಡಿಸಿದರೂ ತಪ್ಪೇನಿಲ್ಲ. ಔಷಧಿ ಅಂತ ಹೇಳಿ ಮಗುವಿಗೆ ನೋವು ಕೊಡುವುದು ತಪ್ಪು.

ವಯಸ್ಸಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಕೆಲವರು ತೊಟ್ಟಿಲಿಗೆ ಹಾಕುವ ದಿನವೇ ಚುಚ್ಚಿಸಿಬಿಡುತ್ತಾರೆ, ಕೆಲವರು ಜವಳದ ಜೊತೆ. ತಾಯಿ ಕಾರ್ಡಿನಲ್ಲಿ 6, 10, 14ನೇ ವಾರದ ಪೆಂಟಾವೇಲೆಂಟ್ ಲಸಿಕೆ ಮೂರೂ ಆಗಿರದಿದ್ದರೆ ನಾನು ಸೂಜಿ ಮುಟ್ಟುವುದಿಲ್ಲ. ಧನುರ್ವಾಯು, ಹೆಪಟೈಟಿಸ್ ಬಿ ಎರಡಕ್ಕೂ ರಕ್ಷಣೆ ಅದರಲ್ಲಿದೆ. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿವಾರಿಸಿದೆ ಎಂದು 2015ರಲ್ಲಿ ದೃಢಪಟ್ಟಿದ್ದು ನಿಜ, ಆದರೆ ಅದರ ಕ್ರಿಮಿ ನಮ್ಮ ಎರೆಮಣ್ಣಿನಿಂದ ಎಲ್ಲಿಗೂ ಹೋಗಿಲ್ಲ. ಅಲ್ಲದೆ ಎರಡು ತಿಂಗಳ ಕೂಸಿಗೆ ಕಿವಿಯ ಸೋಂಕಿನಿಂದ ಜ್ವರ ಬಂತೆಂದರೆ ಅದು ಬರೀ ಕಿವಿಯ ಕಥೆಯಾಗಿ ಉಳಿಯುವುದಿಲ್ಲ, ಭರ್ತಿ ಮಾಡಿ ರಕ್ತ ತೆಗೆಯಬೇಕಾಗುತ್ತದೆ. ಐದು ತಿಂಗಳಿಂದ ಹತ್ತು ತಿಂಗಳವರೆಗೆ ಒಳ್ಳೆಯ ಹೊತ್ತು. ತಾಯಿ ಹಾಲು ಕುಡಿಸುತ್ತಿರುವಾಗಲೇ ಚುಚ್ಚಿದರೆ ಅಳು ಬೇಗ ನಿಲ್ಲುತ್ತದೆ. ಬಾಯಿಗೆ ಜೇನು ಸವರುವವರಿದ್ದಾರೆ. ವರ್ಷ ತುಂಬುವ ಮೊದಲು ಜೇನು ಬೇಡ, ನರಗಳನ್ನು ಸೋಲಿಸುವ ಬಾಟ್ಯುಲಿಸಂ ಎಂಬ ಕಾಯಿಲೆಯ ಅಪಾಯವಿದೆ.

ವರ್ಷ ದಾಟಿ ನಾಲ್ಕೈದು ವರ್ಷದವರೆಗಿನ ಅವಧಿ ಎಲ್ಲಕ್ಕಿಂತ ಕಷ್ಟದ್ದು. ಮಗುವಿಗೆ ಭಯ ಗೊತ್ತಾಗುತ್ತದೆ, ಕಾರಣ ಗೊತ್ತಾಗುವುದಿಲ್ಲ. ಓಲೆ ಜಗ್ಗುತ್ತದೆ, ಬಿಲ್ಲೆ ಬಿಚ್ಚಿ ಬಾಯಿಗೋ ಮೂಗಿಗೋ ಹಾಕಿಕೊಳ್ಳುತ್ತದೆ. ಮೂಗಿನಿಂದ ಓಲೆಯ ಬಿಲ್ಲೆ ತೆಗೆಯುವುದೂ ನಮ್ಮದೇ ಪಾಲು. ಅಮೆರಿಕದ ಮಕ್ಕಳ ವೈದ್ಯರ ಸಂಘವು ಮಗು ತನ್ನ ಕಿವಿಯನ್ನು ತಾನೇ ನೋಡಿಕೊಳ್ಳುವಷ್ಟು ದೊಡ್ಡದಾಗಲಿ ಎನ್ನುತ್ತದೆ. ಕೂಸಿದ್ದಾಗ ತಪ್ಪಿದರೆ ನಾನೂ ಅದನ್ನೇ ಹೇಳುತ್ತೇನೆ: ಆರೇಳು ವರ್ಷಕ್ಕೆ ತರ್ರಿ, ಅವಳೇ ಕೇಳಲಿ. ಮನೆತನದಲ್ಲಿ ಗಾಯದ ಗುರುತು ಗಂಟಾಗಿ ಬೆಳೆಯುವ ಕೀಲಾಯ್ಡ್ ಇದ್ದರೆ ಹನ್ನೊಂದು ವರ್ಷದ ಮೇಲೆ ಚುಚ್ಚಿಸಿದರೆ ಅದರ ಸಾಧ್ಯತೆ ಹೆಚ್ಚು. ಅಂಥವರು ತಡ ಮಾಡಬಾರದು, ಅಥವಾ ಚುಚ್ಚಿಸಲೇಬಾರದು.

ಈಗ ಕಷ್ಟದ ಮಾತು. ಆರು ವರ್ಷದ ಹುಡುಗಿ "ನಂಗ ಬ್ಯಾಡ" ಎಂದರೆ? ಮುಹೂರ್ತ ತೆಗೆಸಿರುತ್ತಾರೆ, ಸೋದರಮಾವ ಊರಿಂದ ರಿಂಗ್ ಮಾಡಿಸಿಕೊಂಡು ಬಂದಿರುತ್ತಾನೆ, ಹತ್ತು ಜನ ಹೊರಗೆ ಕೂತಿರುತ್ತಾರೆ. ಇಬ್ಬರು ಕೈಕಾಲು ಹಿಡಿದರೆ ಎರಡು ನಿಮಿಷದ ಕೆಲಸ. ನಾನು ಮಾಡುವುದಿಲ್ಲ. ಅಪೆಂಡಿಕ್ಸ್ ಇದ್ದರೆ ಹಿಡಿದು ಮಾಡಬೇಕು, ಜೀವದ ಪ್ರಶ್ನೆ. ಓಲೆಗೆ ಅಂಥ ಅವಸರ ಯಾವುದೂ ಇಲ್ಲ. ಕೂಸಿಗೆ ಕೇಳುವ ಹಾಗಿಲ್ಲ, ಆದ್ದರಿಂದ ತಂದೆತಾಯಿ ನಿರ್ಧಾರ ಮಾಡುತ್ತಾರೆ. ಮಾತು ಬಂದ ಮಗುವಿಗೂ ಅದೇ ನಿಯಮ ನಡೆಸಿದರೆ ನಿರ್ಧಾರ ಯಾರದು ಅಂತ ಯೋಚಿಸಬೇಕಾಗುತ್ತದೆ. ಭಾರತ 1992ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಗುವಿನ ಅಭಿಪ್ರಾಯಕ್ಕೆ ಬೆಲೆ ಕೊಡಿ ಎನ್ನುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ಮನೆಯಲ್ಲಿ "ನಿನ್ನ ಮೈ ಯಾರೂ ಮುಟ್ಟಬಾರದು, ಬೇಡ ಅನ್ನು" ಎಂದು ಕಲಿಸಿ, ದವಾಖಾನೆಗೆ ಬಂದು ಹತ್ತು ಕೈಯಲ್ಲಿ ಹಿಡಿದರೆ ಮಗು ಯಾವ ಪಾಠ ಕಲಿಯಬೇಕು?

ಎಲ್ಲರೂ ಒಪ್ಪುವುದಿಲ್ಲ. ಸಿಟ್ಟಾಗಿ ಎದ್ದು ಹೋಗಿ ಬೇರೆ ಕಡೆ ಚುಚ್ಚಿಸಿದವರಿದ್ದಾರೆ. ಆದರೆ ಮರಗಟ್ಟಿಸುವ ಮುಲಾಮು ಹಚ್ಚಿ ಒಂದು ತಾಸು ಕೂರಿಸಿ, ಸೂಜಿ ತೋರಿಸಿ, "ಸ್ವಲ್ಪ ನೋಯ್ತದ" ಎಂದು ಇದ್ದದ್ದನ್ನು ಹೇಳಿದರೆ ಬಹಳ ಮಕ್ಕಳು ತಾವೇ ಕಿವಿ ಕೊಡುತ್ತಾರೆ. ಇರುವೆ ಕಚ್ಚಿದಂಗ ಅಷ್ಟೇ ಅಂತ ಸುಳ್ಳು ಹೇಳಿದರೆ ಮೊದಲ ಕಿವಿಗೆ ನಂಬುತ್ತಾರೆ, ಎರಡನೆಯದಕ್ಕೆ ಕೋಣೆ ಬಿಟ್ಟು ಓಡುತ್ತಾರೆ. ಆ ಮುಲಾಮನ್ನು ಮೂರು ತಿಂಗಳೊಳಗಿನ ಕೂಸಿಗೆ ಮನೆಯಲ್ಲಿ ಹಚ್ಚಿಕೊಂಡು ಬರಬೇಡಿ, ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಅದು ಕುಗ್ಗಿಸಬಹುದು. ಮತ್ತೆ, ಮೊಬೈಲು ಹೊರಗಿಡಿ. ಮಗು ಕಿರುಚುವುದನ್ನು ಸ್ಟೇಟಸ್‌ಗೆ ಹಾಕಿ ನಗುವ ಚಟ ಇತ್ತೀಚಿನದು, ನನಗೆ ಅದನ್ನು ಕಂಡರೆ ಆಗುವುದಿಲ್ಲ.

ಓಲೆಯ ಲೋಹದ ಬಗ್ಗೆ ಎರಡು ಮಾತು. ಹಸಿ ಗಾಯದಲ್ಲಿ ನಿಕ್ಕಲ್ ಇರುವ ಅಗ್ಗದ ಓಲೆ ಕೂತರೆ ಅಲರ್ಜಿ ಹುಟ್ಟಬಹುದು, ಹುಟ್ಟಿದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತದೆ, ಮುಂದೆ ವಾಚಿನ ಬೆಲ್ಟಿಗೂ ಪ್ಯಾಂಟಿನ ಗುಂಡಿಗೂ ತುರಿಕೆ. ಯುರೋಪ್ ಒಕ್ಕೂಟ 1994ರಲ್ಲೇ ಇದಕ್ಕೆ ಕಟ್ಟಳೆ ಮಾಡಿತು. ನಮ್ಮಲ್ಲಿ ಒಂದು ಗ್ರಾಂ ಗೋಲ್ಡ್ ಎಂದು ಮಾರುವುದರಲ್ಲಿ ಮೇಲಿನ ಲೇಪ ಮಾತ್ರ ಬಂಗಾರ, ಕೆಳಗೆ ಏನಿದೆಯೋ ಅಂಗಡಿಯವರಿಗೂ ಗೊತ್ತಿರುವುದಿಲ್ಲ. ಬಂಗಾರದ ಬೆಲೆ ಈಗ ಹೇಳುವುದೇ ಬೇಡ. ಕೈಗೆ ಎಟುಕದಿದ್ದರೆ ಟೈಟಾನಿಯಂ ಸ್ಟಡ್ ಹಾಕಿಸಿ, ಆಮೇಲೆ ನಿಧಾನಕ್ಕೆ ಬಂಗಾರ ಮಾಡಿಸಿ.

ಹಾಲೆ ಮಾಯಲು ಆರರಿಂದ ಎಂಟು ವಾರ ಬೇಕು. ಕೈ ತೊಳೆದು, ಕಾಲು ಲೀಟರ್ ಕುದಿಸಿ ಆರಿಸಿದ ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಮ್ಮಿ ಉಪ್ಪು ಹಾಕಿ, ಸ್ವಚ್ಛ ಅರಿವೆಯಲ್ಲಿ ದಿನಕ್ಕೆ ಎರಡು ಸಲ ಒರೆಸಿದರೆ ಸಾಕು. ಅರಿಶಿಣ, ಕುಸುಬಿ ಎಣ್ಣೆ, ಬೇವಿನ ಕಡ್ಡಿ, ಕಸಬರಿಗೆ ಕಡ್ಡಿ ಯಾವುದೂ ಬೇಡ. ದಿನಾ ಓಲೆ ತಿರುಗಿಸಬೇಕು ಎಂಬುದೂ ಬಿಡಿ, ಆಗತಾನೇ ಕೂಡಿದ ಚರ್ಮ ಮತ್ತೆ ಹರಿಯುತ್ತದೆ. ರಜೆ ಎಂದು ಏಪ್ರಿಲ್-ಮೇನಲ್ಲಿ ಬರುವವರೇ ಬಹಳ. ನಮ್ಮ ಊರಿನ ಆ ಬಿಸಿಲಲ್ಲಿ ಬೆವರು, ಧೂಳು ಕಿವಿ ಹಿಂದೆ ಕೂತು ಕೆರೆದುಕೊಳ್ಳುವುದು ಹೆಚ್ಚು. ಚಳಿಗಾಲ ಎಷ್ಟೋ ಹಗುರ.

ಕಿವಿಯ ಮೇಲ್ಭಾಗದ್ದು ಬೇರೆಯದೇ ಲೆಕ್ಕ. ಆಯಿಗಳ ಬುಗುಡಿ ಈಗ ಕಾಲೇಜು ಹುಡುಗಿಯರ ಫ್ಯಾಶನ್ ಆಗಿ ವಾಪಸ್ ಬಂದಿದೆ. ಅಲ್ಲಿರುವುದು ಮೃದ್ವಸ್ಥಿ. ಅದಕ್ಕೆ ತನ್ನದೇ ರಕ್ತನಾಳವಿಲ್ಲ, ಮೇಲಿನ ತೆಳು ಪೊರೆಯಿಂದ ಆಹಾರ ಪಡೆಯುತ್ತದೆ. ಗನ್ ಹೊಡೆದರೆ ಆ ಪೊರೆ ಕಿತ್ತು ಕೀವು ತುಂಬುತ್ತದೆ, ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ಕಿವಿ ಮುದುಡುತ್ತದೆ. ಹಾಲೆ ಬಿಟ್ಟು ಮೇಲಿನ ಕಿವಿ ಮಾತ್ರ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ಕಿರುಚುವಷ್ಟು ನೋವಿದ್ದರೆ ಅದೇ ದಿನ ತೋರಿಸಿ. ಸೂಜಿಯಲ್ಲಿ ಚುಚ್ಚಿದರೂ ಮಾಯಲು ನಾಲ್ಕು ತಿಂಗಳಿಂದ ವರ್ಷ. ಅಷ್ಟು ದಿನ ಆ ಮಗ್ಗುಲಲ್ಲಿ ಮಲಗುವ ಹಾಗಿಲ್ಲ, ಇಯರ್‌ಫೋನ್ ಹಾಕುವ ಹಾಗಿಲ್ಲ. ಹತ್ತನೇ ತರಗತಿಯ ಹುಡುಗಿ ಬಂದು ಕೇಳಿದರೆ ಇಷ್ಟೂ ಹೇಳಿ, ಪರೀಕ್ಷೆ ಮುಗಿಸಿ ಬಾರವ್ವಾ ಎನ್ನುತ್ತೇನೆ. ಇಯರ್‌ಫೋನಿನ ಮಾತು ಕೇಳಿಯೇ ಕೆಲವರು ಮನಸ್ಸು ಬದಲಿಸುತ್ತಾರೆ.