ಆಫ್ ಆದ ಸ್ವಿಚ್ ಯಾವ ವೈರನ್ನು ಕಡಿಯಿತು?

ಟೇಬಲ್ ಲ್ಯಾಂಪಿನ ಬಲ್ಬು ಹೋಗಿತ್ತು. ಲ್ಯಾಂಪಿನ ಸ್ವಿಚ್ ಆಫ್ ಮಾಡಿ ಬಲ್ಬು ಬಿಚ್ಚಿದೆ. ಸುಮ್ನೆ ಹೋಲ್ಡರಿನೊಳಗೆ ಟೆಸ್ಟರ್ ಇಟ್ಟು ನೋಡಿದರೆ, ಅದರೊಳಗಿನ ಪುಟ್ಟ ನಿಯಾನ್ ದೀಪ ಕಿತ್ತಳೆ ಬಣ್ಣಕ್ಕೆ ಹೊತ್ತಿಕೊಂಡಿತು! ಹೊಸ ಬಲ್ಬು ಹಾಕುವಾಗ ಬೆರಳು ತಾಗುವುದು ಅಲ್ಲಿಗೇ ಅಲ್ವಾ?

ಸ್ವಿಚ್ ಕೆಟ್ಟಿರಲಿಲ್ಲ. ಫೇಸ್ ವೈರನ್ನು ಕಡಿಯಬೇಕಾದ ಸ್ವಿಚ್ ನ್ಯೂಟ್ರಲ್ ವೈರನ್ನು ಕಡಿಯುತ್ತಿತ್ತು, ಅಷ್ಟೇ. ಈ ತಪ್ಪು ಹೊರಗೆ ಕಾಣುವುದೇ ಇಲ್ಲ. ಕರೆಂಟು ಫೇಸಿನಲ್ಲಿ ಬಂದು ನ್ಯೂಟ್ರಲಿನಲ್ಲಿ ವಾಪಸ್ ಹೋಗಬೇಕು. ಈ ಸುತ್ತನ್ನು ಎಲ್ಲಿ ಕಡಿದರೂ ದೀಪ ಆರುತ್ತದೆ. ವರ್ಷಗಟ್ಟಲೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಟ್ಯಾಂಕಿನ ಬುಡದಲ್ಲೇ ನೀರು ನಿಲ್ಲಿಸಿದರೆ ಮುಂದಿನ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಪೈಪಿನ ತುದಿಗೆ ಬಿರಡೆ ಹಾಕಿದರೆ? ನೀರು ಹರಿಯುವುದು ನಿಂತಿತು, ಆದರೆ ಸೂಜಿ ಚುಚ್ಚಿದಲ್ಲೆಲ್ಲ ಚಿಮ್ಮುತ್ತದೆ. ಇನ್ನೊಂದು ಥರ ಹೇಳುತ್ತೇನೆ: ನ್ಯೂಟ್ರಲಿಗೆ ಸ್ವಿಚ್ ಹಾಕುವುದು ಹಾವನ್ನು ಬಾಲದಲ್ಲಿ ಹಿಡಿದ ಹಾಗೆ. ಅದು ಮುಂದೆ ಹೋಗಲಾರದು, ನಿಜ. ಬಾಯಿ ಮಾತ್ರ ನಮ್ಮ ಕಡೆಗೇ ಇದೆ.

ಕಚ್ಚುವುದು ಹೇಗೆ? ನ್ಯೂಟ್ರಲನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ನೆಲಕ್ಕೆ ಜೋಡಿಸಿರುತ್ತಾರೆ. ಹಾಗಾಗಿ ಕರೆಂಟಿಗೆ ವಾಪಸ್ ಹೋಗಲು ನೆಲವೂ ಒಂದು ದಾರಿ. ಹೋಲ್ಡರ್ ಮುಟ್ಟಿದವರ ಮೈಯೇ ಕಡಿದ ವೈರಿನ ಜಾಗ ತುಂಬುತ್ತದೆ. 230 ವೋಲ್ಟಿಗೆ ಮೈಯ ತಡೆ 2000 ಓಮ್ ಅಂದುಕೊಂಡರೆ ಹರಿಯುವುದು 115 ಮಿಲಿ ಆಂಪಿಯರ್. ಸುಮಾರು 10 ದಾಟಿದರೇ ಹಿಡಿದದ್ದನ್ನು ಬಿಡಲು ಕೈಗೆ ಆಗದೆ ಹೋಗಬಹುದು. 100ರ ಆಸುಪಾಸಿನಲ್ಲಿ ಹೃದಯದ ಬಡಿತವೇ ದಾರಿ ತಪ್ಪಬಹುದು. "ಚಪ್ಪಲಿ ಹಾಕಿದ್ದೀನಲ್ಲ, ಏನೂ ಆಗಲ್ಲ" ಅನ್ನುವವರನ್ನು ಕಂಡರೆ ನನಗೆ ಹೆದರಿಕೆ. ಇನ್ನೊಂದು ಕೈ ಕಬ್ಬಿಣದ ನಲ್ಲಿಯ ಮೇಲಿದ್ದರೆ ಚಪ್ಪಲಿಗೆ ಅಲ್ಲಿ ಕೆಲಸವೇ ಇಲ್ಲ.

ಸ್ವಿಚ್ಚಿನ "ಟಕ್" ಸದ್ದಿಗೂ ಒಂದು ಕಥೆ ಇದೆ. ಒಳಗಿನ ತುದಿಗಳು ನಿಧಾನವಾಗಿ ಬೇರೆಯಾದರೆ ನಡುವಿನ ಗಾಳಿಯಲ್ಲಿ ಕಿಡಿ ಎಳೆದುಕೊಂಡು ಲೋಹವನ್ನು ಸುಡುತ್ತದೆ. 1884ರಲ್ಲಿ ಇಂಗ್ಲೆಂಡಿನ ಜಾನ್ ಹೆನ್ರಿ ಹೋಮ್ಸ್ ತುದಿಗಳನ್ನು ಪಟ್ಟನೆ ಬಿಡಿಸುವ ಸ್ವಿಚ್ ಮಾಡಿದರು. ಎಷ್ಟು ಚೆಂದದ ಉಪಾಯ! ಆದರೆ ಎಷ್ಟು ಚುರುಕಾಗಿ ಕಡಿದರೇನು, ಕಡಿದದ್ದು ತಪ್ಪು ವೈರಾದರೆ?

ಈಗಿನ ಅಂತರರಾಷ್ಟ್ರೀಯ ಪದ್ಧತಿಯ ವೈರುಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಒಂದೇ ವೈರು ಕಡಿಯುವ ಸ್ವಿಚ್ ಕಂದಿನ ಮೇಲೇ ಇರಬೇಕು. ಹಸಿರು-ಹಳದಿ ಪಟ್ಟೆಯ ಅರ್ಥಿಂಗ್ ವೈರಿಗಂತೂ ಸ್ವಿಚ್ ಹಾಕಲೇಬಾರದು.

ಲ್ಯಾಂಪಿನ ಪ್ಲಗ್ ಕಿತ್ತು, ಸ್ವಿಚ್ಚನ್ನು ಇನ್ನೊಂದು ವೈರಿಗೆ ಬದಲಿಸಿದೆ. ಮತ್ತೆ ಸಿಕ್ಕಿಸಿ, ಸ್ವಿಚ್ ಆಫ್ ಇಟ್ಟೇ ನೋಡಿದರೆ ಟೆಸ್ಟರ್ ಹೊತ್ತಲಿಲ್ಲ. ಅದು ಎರಡು ಪಿನ್ನಿನ ಪ್ಲಗ್. ತಿರುಗಿಸಿ ಸಿಕ್ಕಿಸಿದೆ. ಟೆಸ್ಟರ್ ಮತ್ತೆ ಹೊತ್ತಿತು! ಪ್ಲಗ್ ತಿರುಗಿದರೆ ಫೇಸ್, ನ್ಯೂಟ್ರಲ್ ಎರಡೂ ಅದಲುಬದಲು. ಕೊನೆಗೆ ಎರಡೂ ವೈರುಗಳನ್ನು ಒಟ್ಟಿಗೆ ಕಡಿಯುವ ಡಬಲ್ ಪೋಲ್ ಸ್ವಿಚ್ ಹಾಕಿದೆ. ಈಗ ಪ್ಲಗ್ ಹೇಗೆ ಸಿಕ್ಕಿಸಿದರೂ ಆಫ್ ಮಾಡಿದ ಮೇಲೆ ಟೆಸ್ಟರ್ ಹೊತ್ತುವುದಿಲ್ಲ. ಆದರೂ ಬಲ್ಬು ಬದಲಿಸುವಾಗ ಪ್ಲಗ್ ಕಿತ್ತೇ ಕೈ ಹಾಕುತ್ತೇನೆ.