ನಾಲ್ಕು ಎಳೆಯ ಡಿಎನ್‌ಎ: ಯಾವ ಉಪ್ಪಲ್ಲಿ ನೋಡಿದ್ರಿ ಅನ್ನೋದೇ ಪ್ರಶ್ನೆ

ಡಿಎನ್‌ಎ ಅಂದ ತಕ್ಷಣ ಎಲ್ರ ಕಣ್ಮುಂದೆ ಬರೋದು ಎರಡು ಎಳೆ ಸುತ್ಕೊಂಡಿರೋ ಚಿತ್ರ, 1953ರಲ್ಲಿ ವಾಟ್ಸನ್ ಮತ್ತೆ ಕ್ರಿಕ್ ಕೊಟ್ಟಿದ್ದು. ಆದ್ರೆ ಡಿಎನ್‌ಎ ನಾಲ್ಕು ಎಳೆಯಾಗೂ ಮಡಚ್ಕೊಳ್ಳತ್ತೆ, ಅದರ ಮೊದಲ ಸುಳಿವು ಇನ್ನೂ ಹಳೇದು. 1910ರಲ್ಲೇ ಐವರ್ ಬಾಂಗ್ ಅನ್ನೋ ವಿಜ್ಞಾನಿ ಗ್ವಾನಿಲಿಕ್ ಆಸಿಡ್‌ನ (ಗ್ವಾನಿನ್ ಇರೋ ಚಿಕ್ಕ ಅಣು) ಸ್ವಲ್ಪ ಜಾಸ್ತಿ ಕರಗಿಸಿದ್ರೆ ದ್ರಾವಣ ಜೆಲ್ ಆಗ್ಬಿಡತ್ತೆ ಅಂತ ಬರೆದಿದ್ರು. ಯಾಕೆ ಅನ್ನೋದು ಗೊತ್ತಾಗಿದ್ದು 1962ರಲ್ಲಿ, ಗೆಲರ್ಟ್, ಲಿಪ್ಸೆಟ್, ಡೇವಿಸ್ ಮೂರೂ ಜನ ಆ ಜೆಲ್‌ನಿಂದ ನಾರು ತೆಗೆದು ಎಕ್ಸ್-ರೇ ಹಾಯಿಸಿ ನೋಡಿದಾಗ.

ಅವರು ಹೇಳಿದ್ದು ಇಷ್ಟು: ನಾಲ್ಕು ಗ್ವಾನಿನ್‌ಗಳು (ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಜಿ ಅಂತೀವಲ್ಲ, ಅದು) ಚೌಕಾಕಾರದಲ್ಲಿ ಒಂದರ ಕೈ ಒಂದು ಹಿಡ್ಕೊಂಡು ಕೂತಿರ್ತವೆ, ಒಟ್ಟು ಎಂಟು ಹೈಡ್ರೋಜನ್ ಬಾಂಡ್. ಇಂಥ ಚೌಕಗಳು ಒಂದರ ಮೇಲೊಂದು ಪೇರಿಸ್ಕೊಂಡ್ರೆ ಈಗ ಜಿ-ಕ್ವಾಡ್ರುಪ್ಲೆಕ್ಸ್ ಅಂತೀವಲ್ಲ, ಅದು. ಇಲ್ಲೊಂದು ತೊಂದರೆ ಇದೆ, ಚೌಕದ ನಡುವೆ ನಾಲ್ಕು ಆಕ್ಸಿಜನ್‌ಗಳು ಒಳಮುಖವಾಗಿ ತಿರುಗಿರ್ತವೆ, ಎಲ್ಲದರಲ್ಲೂ ಸ್ವಲ್ಪ ನೆಗೆಟಿವ್ ಚಾರ್ಜ್, ಹಂಗಾಗಿ ಒಂದನ್ನೊಂದು ದೂರ ತಳ್ತವೆ. ಇದನ್ನ ಸಮಾಧಾನ ಮಾಡೋಕೆ ಉಪ್ಪಿಂದ ಬರೋ ಪಾಸಿಟಿವ್ ಅಯಾನ್ ಒಂದು ಮಧ್ಯೆ ಬಂದು ಕೂರಲೇಬೇಕು. ಪೊಟ್ಯಾಶಿಯಂ ಎರಡು ಚೌಕಗಳ ನಡುವಿನ ಜಾಗದಲ್ಲಿ ಎಂಟು ಆಕ್ಸಿಜನ್‌ಗಳನ್ನ ಹಿಡ್ಕೊಂಡು ಚೆನ್ನಾಗಿ ಕೂರತ್ತೆ. ಸೋಡಿಯಂ ಚಿಕ್ಕದು, ಅದೂ ನಡೆಯತ್ತೆ, ಆದ್ರೆ ತನ್ನ ಸುತ್ತ ಇರೋ ನೀರನ್ನ ಬಿಟ್ಟು ಬರೋಕೆ ಪೊಟ್ಯಾಶಿಯಂಗಿಂತ ಜಾಸ್ತಿ ಶಕ್ತಿ ಕೇಳತ್ತೆ. ಲಿಥಿಯಂನಿಂದ ಹೆಚ್ಚು ಕಮ್ಮಿ ಏನೂ ಉಪಯೋಗ ಇಲ್ಲ. ಮನುಷ್ಯನ ಟೆಲೋಮಿಯರ್ (ಕ್ರೋಮೋಸೋಮಿನ ತುದಿ ಭಾಗ) ತುಣುಕು ಪೊಟ್ಯಾಶಿಯಂ ಇದ್ರೆ ಸುಮಾರು 65 ಡಿಗ್ರಿ ಸೆಲ್ಸಿಯಸ್ ಹತ್ರ ಬಿಚ್ಕೊಳ್ಳತ್ತೆ, ಅದೇ ಪ್ರಮಾಣದ ಸೋಡಿಯಂ ಹಾಕಿದ್ರೆ ಅದಕ್ಕಿಂತ 10 ಡಿಗ್ರಿ ಆಸುಪಾಸು ಮುಂಚೆನೇ.

ಇಷ್ಟಾದ್ರೂ ಸುಮಾರು ವರ್ಷ ಇದನ್ನ ಯಾರೂ ಅಷ್ಟಾಗಿ ಕೇಳ್ತಿರ್ಲಿಲ್ಲ. ಗಮನ ತಿರುಗಿದ್ದು ಟೆಲೋಮಿಯರ್‌ನಿಂದ. ಕ್ರೋಮೋಸೋಮಿನ ತುದೀಲಿ ಜಿ ಅಕ್ಷರ ತುಂಬಿರೋ ಸಾಲುಗಳು ಮತ್ತೆ ಮತ್ತೆ ಬರ್ತವೆ ಅಂತ 1978ರಲ್ಲಿ ಬ್ಲ್ಯಾಕ್‌ಬರ್ನ್ ಮತ್ತೆ ಗಾಲ್ ತೋರಿಸಿದ್ರು, ಮನುಷ್ಯರಲ್ಲಿ ಅದು ಟಿಟಿಎಜಿಜಿಜಿ. 1988ರಲ್ಲಿ ದೀಪಂಕರ್ ಸೇನ್ ಮತ್ತೆ ವಾಲ್ಟರ್ ಗಿಲ್ಬರ್ಟ್ ಜಿ ಜಾಸ್ತಿ ಇರೋ ಡಿಎನ್‌ಎ ತುಣುಕುಗಳು ತಾವಾಗೇ ನಾಲ್ಕು ಎಳೆ ಕಟ್ಕೊಳ್ತವೆ ಅಂದ್ರು, ಮುಂದಿನ ವರ್ಷ ಟಾಮಸ್ ಚೆಕ್ ಅವರ ಗುಂಪು ಟೆಲೋಮಿಯರ್ ಸಾಲಿಗೂ ಇದೇ ಮಾದರಿ ಕೊಡ್ತು.

ಅಲ್ಲಿಂದ ಶುರು ಆಕಾರದ ಜಗಳ. 1993ರಲ್ಲಿ ವಾಂಗ್ ಮತ್ತೆ ಪಟೇಲ್ ಸೋಡಿಯಂ ದ್ರಾವಣದಲ್ಲಿ ಮನುಷ್ಯನ ಟೆಲೋಮಿಯರ್ ತುಣುಕನ್ನ ಎನ್‌ಎಂಆರ್‌ನಲ್ಲಿ (ಅಯಸ್ಕಾಂತ ಬಳಸಿ ಅಣುವಿನ ಆಕಾರ ತಿಳಿಯೋ ವಿಧಾನ) ನೋಡಿದ್ರೆ ಬುಟ್ಟಿ ಆಕಾರ, ಎಳೆಗಳು ಮೇಲೆ ಕೆಳಗೆ ಉಲ್ಟಾ ದಿಕ್ಕಲ್ಲಿ. 2002ರಲ್ಲಿ ನೀಡ್ಲ್ ಗುಂಪು ಪೊಟ್ಯಾಶಿಯಂ ಇರೋ ಹರಳಲ್ಲಿ ಅದೇ ಸಾಲನ್ನ ನೋಡಿದ್ರೆ ನಾಲ್ಕೂ ಎಳೆ ಒಂದೇ ದಿಕ್ಕು, ಲೂಪ್‌ಗಳು ಫ್ಯಾನ್ ರೆಕ್ಕೆ ಥರ ಹೊರಗೆ. ಯಾವುದು ನಿಜ ಅಂತ ಚರ್ಚೆ ನಡೀತಿರುವಾಗ್ಲೇ 2006ರಲ್ಲಿ ಪೊಟ್ಯಾಶಿಯಂ ದ್ರಾವಣದಲ್ಲಿ ಮೂರು ಎಳೆ ಒಂದು ಕಡೆ, ಒಂದು ಎಳೆ ಉಲ್ಟಾ ಇರೋ ಮಿಶ್ರ ಆಕಾರ ಸಿಕ್ತು. ನನ್ನ ಕೇಳಿದ್ರೆ ಮೂರೂ ನಿಜಾನೇ. ಉಪ್ಪು, ನೀರಿನ ಪ್ರಮಾಣ, ತುದೀಲಿ ಇರೋ ಒಂದೆರಡು ಅಕ್ಷರ ಬದಲಾದ್ರೂ ಸಾಕು, ಮಡಚೋ ರೀತಿ ಬದಲಾಗತ್ತೆ. ಒಂದೇ ಸರಿಯಾದ ಆಕಾರ ಇರಬೇಕು ಅನ್ನೋ ಹಠದಲ್ಲೇ ಸುಮಾರು ಟೈಮ್ ಹೋಯ್ತು.

ಮಡಚ್ಕೊಳ್ಳೋ ವೇಗಾನೂ ವಿಚಿತ್ರ. ಒಂದೇ ಎಳೆ ತನ್ನಷ್ಟಕ್ಕೆ ಮಡಚ್ಕೊಳ್ಳೋದಾದ್ರೆ ಬೇಗ ಏನೋ ಒಂದು ಆಕಾರ ಹಿಡಿದುಬಿಡತ್ತೆ, ಆದ್ರೆ ಅದು ಅತ್ಯಂತ ಸ್ಥಿರವಾದದ್ದೇ ಆಗಿರ್ಬೇಕು ಅಂತಿಲ್ಲ, ತಪ್ಪು ಮಡಿಕೆ ಬಿಚ್ಚಿ ಸರಿಯಾದದ್ದಕ್ಕೆ ಹೋಗೋಕೆ ಗಂಟೆಗಟ್ಟಲೆ ಹಿಡೀಬಹುದು. ಅದಕ್ಕೇ ಲ್ಯಾಬ್‌ಗಳಲ್ಲಿ ಸ್ಯಾಂಪಲ್‌ನ 95 ಡಿಗ್ರಿಗೆ ಬಿಸಿ ಮಾಡಿ ನಿಧಾನಕ್ಕೆ ತಣ್ಣಗಾಗೋಕೆ ಬಿಡೋದು. ಬೇರೆ ಬೇರೆ ನಾಲ್ಕು ಎಳೆ ಬಂದು ಸೇರ್ಬೇಕಾದ್ರಂತೂ ದ್ರಾವಣ ತೆಳುವಾಗಿದ್ರೆ ದಿನಗಳೇ ಬೇಕು, ಒಮ್ಮೆ ಸೇರಿದ್ಮೇಲೆ ಬಿಚ್ಚೋದೂ ಅಷ್ಟೇ ಕಷ್ಟ.

ಇದರ ಜೊತೆಗಾರ ಐ-ಮೋಟಿಫ್, ಸಿ ಅಂದ್ರೆ ಸೈಟೊಸಿನ್ ಅಕ್ಷರಗಳದ್ದು, 1993ರಲ್ಲಿ ಗೆಹ್ರಿಂಗ್, ಲೆರಾಯ್, ಗೆರಾನ್ ಕಂಡಿದ್ದು. ಅದಕ್ಕೆ ಬೇಕಾಗಿರೋದು ಉಪ್ಪಿಗಿಂತ ಹೆಚ್ಚಾಗಿ ಆಮ್ಲ, ಎರಡು ಸೈಟೊಸಿನ್ ಮಧ್ಯೆ ಒಂದು ಪ್ರೋಟಾನ್ ಹಂಚ್ಕೋಬೇಕು. ಹಂಗಾಗಿ ಜೀವಕೋಶದೊಳಗೆ ಇದು ಇರೋಕೆ ಸಾಧ್ಯನೇ ಇಲ್ಲ ಅನ್ನೋರೇ ಜಾಸ್ತಿ ಇದ್ರು, 2018ರಲ್ಲಿ ಸಿಡ್ನಿಯ ಗಾರ್ವನ್ ಸಂಸ್ಥೆಯವರು ಆಂಟಿಬಾಡಿ ಬಳಸಿ ಮನುಷ್ಯನ ಕೋಶಗಳ ನ್ಯೂಕ್ಲಿಯಸ್ಸಲ್ಲಿ ತೋರಿಸೋವರೆಗೂ. ಜಿ-ಕ್ವಾಡ್ರುಪ್ಲೆಕ್ಸ್‌ಗೆ ಆ ಕೆಲಸ 2013ರಲ್ಲೇ ಕೇಂಬ್ರಿಡ್ಜ್‌ನ ಬಾಲಸುಬ್ರಮಣಿಯನ್ ಗುಂಪು ಮಾಡಿತ್ತು. ಜೀವಕೋಶದೊಳಗೆ ಪೊಟ್ಯಾಶಿಯಂ ಸೋಡಿಯಂಗಿಂತ ಎಷ್ಟೋ ಪಟ್ಟು ಜಾಸ್ತಿ ಅನ್ನೋದನ್ನ ನೆನೆಸ್ಕೊಂಡ್ರೆ ಇದರಲ್ಲಿ ಅಷ್ಟೊಂದು ಆಶ್ಚರ್ಯ ಇಲ್ಲ.

ಆದ್ರೆ ಎಣಿಕೆ ನೋಡಿ. 2015ರಲ್ಲಿ ಟ್ಯೂಬ್‌ನಲ್ಲಿ ಮನುಷ್ಯನ ಡಿಎನ್‌ಎ ಓದಿದಾಗ 7 ಲಕ್ಷಕ್ಕೂ ಹೆಚ್ಚು ಜಾಗದಲ್ಲಿ ಈ ಮಡಿಕೆ ಆಗಬಹುದು ಅಂತ ಬಂತು, ಮಾರನೇ ವರ್ಷ ಕ್ರೊಮಾಟಿನ್ ಒಳಗೆ, ಅಂದ್ರೆ ಡಿಎನ್‌ಎ ಕೋಶದಲ್ಲಿ ಪ್ರೋಟೀನ್‌ಗಳ ಜೊತೆ ಇರೋ ರೂಪದಲ್ಲೇ, ನೋಡಿದ್ರೆ ಸಿಕ್ಕಿದ್ದು ಸುಮಾರು 10 ಸಾವಿರ. ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತು? ಡಿಎನ್‌ಎ ಹಿಸ್ಟೋನ್ ಅನ್ನೋ ಪ್ರೋಟೀನ್‌ಗೆ ಬಿಗಿಯಾಗಿ ಸುತ್ಕೊಂಡಿದ್ರೆ ಮಡಚೋಕೆ ಜಾಗನೇ ಇರಲ್ಲ, ಮಡಚಿದ್ರೂ ಪಿಫ್1 ಥರದ ಹೆಲಿಕೇಸ್‌ಗಳು (ಡಿಎನ್‌ಎ ಬಿಚ್ಚೋ ಎನ್ಜೈಮ್‌ಗಳು) ಬಂದು ಬಿಚ್ಚಿ ಹಾಕ್ತವೆ, ಇಲ್ಲಾಂದ್ರೆ ಡಿಎನ್‌ಎ ಕಾಪಿ ಆಗೋದು ಅಲ್ಲೇ ನಿಂತುಬಿಡತ್ತೆ. ಕ್ಯಾನ್ಸರ್ ಔಷಧಿ ಹುಡುಕೋರು ಈ ನಿಲ್ಲೋದನ್ನೇ ಉಪಯೋಗಿಸ್ಕೊಳ್ಳೋಕೆ ನೋಡ್ತಿದ್ದಾರೆ, ಬಿಆರ್‌ಸಿಎ ಅನ್ನೋ ಜೀನ್‌ಗಳಲ್ಲಿ ದೋಷ ಇರೋ ಗೆಡ್ಡೆಗಳಲ್ಲಿ ಮುರಿದ ಡಿಎನ್‌ಎ ರಿಪೇರಿ ಮಾಡೋ ದಾರಿ ಸರಿ ಇರಲ್ವಲ್ಲ, ಅಲ್ಲಿಗೆ ಸಿಎಕ್ಸ್-5461 ಅನ್ನೋ ಅಣು ರೋಗಿಗಳ ಮೇಲಿನ ಟ್ರಯಲ್‌ವರೆಗೂ ಬಂದಿದೆ. ಅದು ಕೋಶ ಕೊಲ್ಲೋದು ನಾಲ್ಕೆಳೆ ಮಡಿಕೆಯನ್ನ ಗಟ್ಟಿ ಮಾಡಿ ಅಲ್ಲ, ಡಿಎನ್‌ಎಯ ಸುತ್ತು ಸಡಿಲಿಸೋ ಟೋಪೋಐಸೋಮರೇಸ್ ಎನ್ಜೈಮನ್ನ ಡಿಎನ್‌ಎ ಮೇಲೇ ಸಿಕ್ಕಿಸಿ ಅಂತ ಬೇರೆ ಗುಂಪುಗಳು ತೋರಿಸಿವೆ, ಆ ವಾದ ಇನ್ನೂ ಮುಗಿದಿಲ್ಲ.